ಚುಕ್ಕೆಯಿಲ್ಲದ ಗುರಿ: ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಆಟದ ಬಿಲ್ಲುಗಾರಿಕೆ

‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ವಿಡಿಯೊ ಆಟದಲ್ಲಿ, ರಟ್ಟಾಯ್ ಊರ ಹೊರಗಿನ ಅಭ್ಯಾಸದ ಅಂಗಳದಲ್ಲಿ ಸರ್ ಹ್ಯಾನ್ಸ್ ಕ್ಯಾಪನ್ ಎಂಬ ಗರ್ವದ ಯುವ ಪ್ರಭು ಕಥಾನಾಯಕ ಹೆನ್ರಿಗೆ ಬಿಲ್ಲಿನ ಪಂಥ ಒಡ್ಡುತ್ತಾನೆ. ಹೆನ್ರಿ ಕಮ್ಮಾರನ ಮಗ. ಸುತ್ತಿಗೆ ಹಿಡಿದು ಗೊತ್ತು, ಬಿಲ್ಲು ಹಿಡಿದು ಗೊತ್ತಿಲ್ಲ. ಆ ಪಂಥದಲ್ಲಿ ನಾನು ಮೊದಲ ಸಲ ಬಿಟ್ಟ ಬಾಣಗಳಲ್ಲಿ ಒಂದೂ ಗುರಿಹಲಗೆಯನ್ನು ಮುಟ್ಟಲಿಲ್ಲ. ಕೆಲವು ನೆಲಕ್ಕೆ ನೆಟ್ಟವು, ಉಳಿದವು ಹಲಗೆಯ ಮೇಲಿಂದ ಹಾರಿ ಕಣ್ಮರೆಯಾದವು. ಅದಾಗಿ ಮೂರು ತಿಂಗಳು ಕಳೆದಿವೆ. ಈಗ ಅದೇ ಅಂಗಳದಲ್ಲಿ ನಿಂತರೆ ಹೆಚ್ಚಿನ ಬಾಣಗಳು ನಡುವಣ ವೃತ್ತದ ಆಸುಪಾಸಿನಲ್ಲೇ ನಾಟುತ್ತವೆ. ಈ ವಿಮರ್ಶೆ ಮುಖ್ಯವಾಗಿ ಆ ಮೂರು ತಿಂಗಳ ಕಲಿಕೆಯನ್ನು ಕುರಿತದ್ದು. ಏಕೆಂದರೆ ಈ ಆಟವನ್ನು ಕೊಳ್ಳಬೇಕೋ ಬೇಡವೋ ಎಂಬುದು ಬಹಳ ಮಟ್ಟಿಗೆ ಇಂಥ ಕಲಿಕೆಗೆ ನೀವು ಮನಸ್ಸು ಮಾಡುತ್ತೀರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಆಟವನ್ನು ಅರಿಯದವರಿಗಾಗಿ ಒಂದೆರಡು ಮಾತು. ಚೆಕ್ ದೇಶದ ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಇದನ್ನು ರೂಪಿಸಿ, 2018ರ ಫೆಬ್ರುವರಿ 13ರಂದು ಹೊರತಂದಿತು. ಅದಕ್ಕೂ ಮೊದಲು, 2014ರಲ್ಲಿ, ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಆಟಗಾರರಿಂದಲೇ ಹಣ ಕೂಡಿಸಲು ಹೊರಟಾಗ ಮೂರು ಲಕ್ಷ ಪೌಂಡ್ ಕೇಳಿದವರಿಗೆ ಹನ್ನೊಂದು ಲಕ್ಷ ಪೌಂಡಿಗೂ ಹೆಚ್ಚು ಬಂದಿತ್ತು. ಕಥೆ ನಡೆಯುವುದು 1403ರಲ್ಲಿ, ಇಂದಿನ ಚೆಕ್ ದೇಶದ ಬೊಹೆಮಿಯಾ ಸೀಮೆಯಲ್ಲಿ. ದೊರೆ ನಾಲ್ಕನೆಯ ವೆನ್ಸೆಸ್ಲಾಸ್ ಸೆರೆಯಲ್ಲಿದ್ದಾನೆ. ಅವನನ್ನು ಸೆರೆಹಿಡಿದ ಮಲತಮ್ಮ ಸಿಗಿಸ್ಮಂಡ್‌ನ ಸೇನೆ, ಕೂಲಿಗೆ ಬಂದ ಕುಮನ್ ಸವಾರರೊಡನೆ, ಸ್ಕಾಲಿಟ್ಜ್ ಎಂಬ ಗಣಿಯೂರನ್ನು ಸುಡುತ್ತದೆ. ತಂದೆತಾಯಿಯರನ್ನು ಕಳೆದುಕೊಂಡ ಹೆನ್ರಿ ಅಲ್ಲಿಂದ ತಪ್ಪಿಸಿಕೊಂಡು ಓಡುತ್ತಾನೆ. ಇದರಲ್ಲಿ ಮಂತ್ರಮಾಯೆ ಇಲ್ಲ, ರಕ್ಕಸರಿಲ್ಲ. ಅದೇ 1403ರಲ್ಲಿ ನಮ್ಮ ಕೃಷ್ಣೆಯ ದಂಡೆಯ ನಾಡು ಕಲಬುರ್ಗಿಯ ಫಿರೋಜ್ ಷಾ ಬಹಮನಿಗೂ ವಿಜಯನಗರದ ಎರಡನೆಯ ಹರಿಹರನಿಗೂ ನಡುವೆ ಸಿಲುಕಿತ್ತು. ಬಾಗಲಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ತುರುಗೋಳಿನ ವೀರಗಲ್ಲುಗಳನ್ನು ನೋಡುತ್ತ ಬೆಳೆದ ನನಗೆ, ಊರಿನ ಮೇಲೆ ದಾಳಿ ಬಿದ್ದು ಆಯುಧ ಹಿಡಿಯಲರಿಯದ ಹುಡುಗನೊಬ್ಬ ಬರಿಗೈಯಲ್ಲಿ ನಿಲ್ಲುವ ಆ ಸನ್ನಿವೇಶ ದೂರದ್ದೆನಿಸಲಿಲ್ಲ.

ಇನ್ನು ಬಿಲ್ಲಿನ ವಿಷಯ. ಬಂದೂಕಿನ ಆಟಗಳಲ್ಲಿ ಪರದೆಯ ನಡುವೆ ಒಂದು ಚುಕ್ಕೆಯೋ ಅಡ್ಡಗೆರೆಯೋ ಸದಾ ಇರುತ್ತದೆ; ಅದನ್ನು ವೈರಿಯ ಮೇಲಿಟ್ಟು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಇಲ್ಲಿ ಹೆದೆ ಎಳೆದ ಕೂಡಲೇ ಆ ಚುಕ್ಕೆ ಮಾಯವಾಗುತ್ತದೆ. ಕಣ್ಣ ಮುಂದೆ ಉಳಿಯುವುದು ಹೆನ್ರಿಯ ನಡುಗುವ ಕೈ, ಬಿಲ್ಲಿನ ದಂಡ, ಬಾಣದ ಮೊನೆ ಮತ್ತು ದೂರದ ಗುರಿ. ಬೇಸಿಗೆ ರಜೆಗೆ ನವನಗರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಇದನ್ನು ನೋಡಿ ನಿಜಕ್ಕೂ ಕಂಗಾಲಾದ. “ಮಾಮಾ, ಚುಕ್ಕಿ ಇಲ್ದ ಹ್ಯಾಂಗ ಹೊಡೀಬೇಕ್ರಿ? ಒಂದು ಟಿಕಳಿ ಹಚ್ಚಿಬಿಡೂಣು” ಎಂದು ಅವರವ್ವನ ಹಣೆಯ ಟಿಕಳಿಯೊಂದನ್ನು ತಂದು ಪರದೆಯ ನಟ್ಟನಡುವೆ ಅಂಟಿಸಿದ. ಈ ಉಪಾಯ ಅವನೊಬ್ಬನದಲ್ಲ. ಲೋಕದ ಮೂಲೆಮೂಲೆಯ ಆಟಗಾರರು ಪರದೆಗೆ ಟೇಪಿನ ಚೂರು ಅಂಟಿಸಿ ಆಡಿದ್ದಾರೆ. ಗಣಕದಲ್ಲಿ ಆಡುವವರು ಆಜ್ಞೆಯೊಂದನ್ನು ಬರೆದು ಚುಕ್ಕೆಯನ್ನೇ ಮರಳಿ ತರಿಸಿಕೊಳ್ಳಲೂಬಹುದು. ಎರಡೂ ಕೆಲಸ ಮಾಡುತ್ತವೆ. ಟಿಕಳಿಯಿಂದ ನಮ್ಮ ಗುರಿ ಆ ದಿನವೇ ಸುಧಾರಿಸಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಆದರೂ ಎರಡು ದಿನದ ಬಳಿಕ ನಾನು ಅದನ್ನು ಕಿತ್ತೆ. ಕಾರಣ ಹೇಳಲು ನಮ್ಮ ಹೊಲಕ್ಕೆ ಹೋಗಬೇಕು. ಹುನಗುಂದ ಸೀಮೆಯ ಎರಿ ಹೊಲದಲ್ಲಿ ಬಿಳಿಜೋಳ ಹಾಲ್ದೆನಿಗೆ ಬಂದಾಗ, ಅಂದರೆ ಸೀತನಿ ತಿನ್ನುವ ದಿನಗಳಲ್ಲಿ, ಹಕ್ಕಿ ಕಾಯುವ ಕೆಲಸ ಮನೆಯ ಹುಡುಗರದು. ಅಟ್ಟದ ಮೇಲೆ ನಿಂತು ಕವಣಿ ಬೀಸಬೇಕು. ಕವಣಿಗೆ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಒಂದು ತುದಿ ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿ ಬಿಡುವ ಹೊತ್ತು ಯಾವುದು ಎಂಬುದನ್ನು ತೋಳು ತಾನೇ ಕಲಿಯುತ್ತದೆ. ನಾನು ಕಲ್ಲಿನ ಕಡೆ ನೋಡುತ್ತ ಬೀಸಿದಾಗಲೆಲ್ಲ ಅಪ್ಪ ಕೆಳಗಿನಿಂದ ಕೂಗುತ್ತಿದ್ದರು: “ಕಲ್ಲ ನೋಡಬ್ಯಾಡ, ಹಕ್ಕಿ ನೋಡು.” ಈ ಆಟದ ಬಿಲ್ಲುಗಾರಿಕೆಯ ಗುಟ್ಟೆಲ್ಲ ಆ ಮಾತಿನಲ್ಲಿದೆ. ಬಾಣದ ಮೊನೆಯನ್ನು ಗುರಿಯ ಮೇಲೆ ಕೂಡಿಸಲು ಹೋದರೆ ನಿಮ್ಮ ಕಣ್ಣು ನಡುಗುವ ಮೊನೆಯ ಹಿಂದೆಯೇ ಅಲೆಯುತ್ತದೆ. ಗುರಿಯಲ್ಲಿ ಒಂದು ಸಣ್ಣ ತಾಣವನ್ನು, ಹಲಗೆಯಲ್ಲ, ಹಲಗೆಯ ನಡುವಿನ ಒಂದು ಬಿರುಕನ್ನು, ಎವೆಯಿಕ್ಕದೆ ನೋಡುತ್ತ ಬಿಟ್ಟರೆ ಕೈ ಅದರ ಹಿಂದೆ ಹೋಗುತ್ತದೆ. ಟಿಕಳಿ ಇದ್ದಾಗ ನಾನು ಟಿಕಳಿಯನ್ನು ನೋಡುತ್ತಿದ್ದೆ.

ಇಲ್ಲಿ ಸುಧಾರಣೆ ಎರಡು ಕಡೆ ನಡೆಯುತ್ತದೆ, ಮತ್ತು ಈ ಜೋಡಣೆಯೇ ಆಟದ ದೊಡ್ಡ ಸಾಧನೆ ಎಂದು ನನ್ನ ತೀರ್ಮಾನ. ಒಂದು ಕಡೆ ಹೆನ್ರಿಯ ಅಂಕ. ಬಿಲ್ಲಿನ ಕೌಶಲ 20ರವರೆಗೆ ಏರುತ್ತದೆ. ಅದು ಏರಿದಷ್ಟೂ ಕೈನಡುಕ ಇಳಿಯುತ್ತದೆ. ಇದಲ್ಲದೆ ಪ್ರತಿ ಬಿಲ್ಲೂ ಇಂತಿಷ್ಟು ತೋಳ್ಬಲ, ಇಂತಿಷ್ಟು ಚುರುಕುತನ ಬೇಡುತ್ತದೆ. ಇನ್ನೊಂದು ಕಡೆ ನಿಮ್ಮದೇ ಕೈ ಮತ್ತು ಕಣ್ಣು. ಅಂಕ ಏರಿದರೂ ಬಾಣ ಎಷ್ಟು ದೂರಕ್ಕೆ ಎಷ್ಟು ಬಾಗುತ್ತದೆ ಎಂಬ ಅಂದಾಜು ನಿಮಗಿಲ್ಲದಿದ್ದರೆ ಹೆನ್ರಿ ಏನೂ ಮಾಡಲಾರ. ನಿಮಗೆ ಅಂದಾಜು ಬಂದರೂ ಹೆನ್ರಿಯ ತೋಳು ಪಳಗದಿದ್ದರೆ ಬಾಣ ದಾರಿ ತಪ್ಪುತ್ತದೆ. ಬಹಳಷ್ಟು ಆಟಗಳಲ್ಲಿ ಅಂಕ ಕೊಟ್ಟು ಕಲಿಕೆಯನ್ನು ಕೊಂಡಂತೆ ಇರುತ್ತದೆ. ಇಲ್ಲಿ ಅವನೂ ನಾನೂ ಒಟ್ಟಿಗೆ ಕಲಿತೆವು. ಅಕ್ಷರವೂ ಹಾಗೆಯೇ: ಹೆನ್ರಿಗೆ ಓದು ಬಾರದು, ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗಿ ಕಾಣುತ್ತವೆ, ಉಝಿಟ್ಜ್ ಊರಿನ ಲಿಪಿಕಾರನ ಬಳಿ ಅಕ್ಷರ ಕಲಿತ ಮೇಲೆಯೇ ಪುಸ್ತಕಗಳು ಅವನ ಕೌಶಲವನ್ನು ಬೆಳೆಸುತ್ತವೆ.

ನನಗೆ ಫಲ ಕೊಟ್ಟ ಅಭ್ಯಾಸದ ಕ್ರಮವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಆಟ ಇದನ್ನು ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಮೊದಲು ಮೌಸಿನ ವೇಗವನ್ನು ಇಳಿಸಿಕೊಳ್ಳಬೇಕು. ಮೇಜಿನ ಮೇಲೆ ಅಂಗೈಯಗಲ ಸರಿಸಿದರೆ ಪರದೆಯಲ್ಲಿ ಸ್ವಲ್ಪವೇ ಹೊರಳುವಷ್ಟು. ಅನಂತರ ಹಲಗೆಯಿಂದ ಹದಿನೈದಿಪ್ಪತ್ತು ಹೆಜ್ಜೆಯಲ್ಲಿ ನಿಂತು, ಹೆದೆ ಎಳೆಯುವ ಮೊದಲೇ, ಚುಕ್ಕೆ ಇನ್ನೂ ಕಾಣುತ್ತಿರುವಾಗಲೇ, ಅದನ್ನು ಗುರಿಗೆ ತಂದಿಟ್ಟುಕೊಳ್ಳಬೇಕು. ಚುಕ್ಕೆ ಮಾಯವಾದರೂ ಪರದೆಯ ನಡು ಎಲ್ಲಿಗೂ ಹೋಗಿರುವುದಿಲ್ಲ. ಹೆದೆ ಎಳೆದ ಮೊದಲ ಗಳಿಗೆಯಲ್ಲಿ ಕೈ ಓಲಾಡುತ್ತದೆ, ಬಳಿಕ ಕೊಂಚ ನೆಲೆಗೊಳ್ಳುತ್ತದೆ, ಹಿಡಿದೇ ಇದ್ದರೆ ದಮ್ಮು ಇಳಿದು ಮತ್ತೆ ಓಲಾಟ ಹೆಚ್ಚುತ್ತದೆ. ನಡುವಣ ಆ ಸಣ್ಣ ನಿಲುಗಡೆಯಲ್ಲಿ ಬಿಡಬೇಕು. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ನಾನೂ ವಾರಗಟ್ಟಲೆ ಅದನ್ನೇ ಮಾಡಿದೆ: ಇನ್ನೂ ಸ್ವಲ್ಪ ಸರಿಯಾಗಲಿ, ಇನ್ನೂ ಸ್ವಲ್ಪ ಎಂದು ಹೆದೆ ಹಿಡಿದು ಕಾಯುವುದು. ಕಾದಷ್ಟೂ ಕೆಡುತ್ತದೆ. ಎಳೆದು, ಒಂದು ಉಸಿರು ಬಿಟ್ಟು, ಬಾಣ ಬಿಡುವ ಲಯ ಕೂಡಿಬಂದ ಮೇಲೆ ಐದೈದು ಹೆಜ್ಜೆ ಹಿಂದೆ ಸರಿಯುತ್ತ ಹೋಗಬೇಕು. ಪ್ರತಿ ದೂರಕ್ಕೂ ಎಷ್ಟು ಎತ್ತಿ ಬಿಡಬೇಕು ಎಂಬುದು ಲೆಕ್ಕದಿಂದ ಬರುವುದಲ್ಲ. ಹತ್ತಿಪ್ಪತ್ತು ಬಾಣ ಕೆಳಗೆ ಬಿದ್ದ ಮೇಲೆ ತಾನಾಗಿ ಬರುತ್ತದೆ. ಅಭ್ಯಾಸದ ನಡುವೆ ಹಲಗೆಯ ಬಳಿ ಹೋಗಿ ನೆಟ್ಟ ಬಾಣಗಳನ್ನು ಕಿತ್ತು ತರುವ ನಡಿಗೆಯನ್ನೂ ನಾನು ಬಿಡಲಿಲ್ಲ. ಯಾವ ಬಾಣ ಎಲ್ಲಿ ಕೂತಿದೆ ಎಂದು ಹತ್ತಿರದಿಂದ ನೋಡುವುದರಲ್ಲೇ ಅರ್ಧ ಕಲಿಕೆ ಇದೆ.

ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರರು 70 ಮೀಟರ್ ದೂರದ, 122 ಸೆಂಟಿಮೀಟರ್ ಅಗಲದ ಹಲಗೆಗೆ ಹೊಡೆಯುತ್ತಾರೆ. ಆದರೆ ಅವರ ಬಿಲ್ಲಿಗೆ ಗುರಿ ಹಿಡಿಯಲು ನೆರವಾಗುವ ಸಾಧನ ಜೋಡಿಸಿರುತ್ತದೆ, ಓಲಾಟ ತಡೆಯುವ ಉದ್ದನೆಯ ಸರಳುಗಳಿರುತ್ತವೆ. ಬರಿಯ ಮರದ ಬಿಲ್ಲಿನಲ್ಲಿ ಹೊಡೆಯುವವರು ಇಂದಿಗೂ ಗುರಿಯನ್ನೇ ನೋಡಿ, ಅಭ್ಯಾಸದ ಬಲದಿಂದಲೇ ಹೊಡೆಯುತ್ತಾರೆ. ಆದ್ದರಿಂದ ಚುಕ್ಕೆ ಕೊಡದೆ ಇರುವುದು ಆಟಗಾರನನ್ನು ಕಾಡಲು ಮಾಡಿದ ಹಟವಲ್ಲ. 1403ರ ಬಿಲ್ಲು ಅದು, ಹಾಗೆಯೇ ಇರಬೇಕು.

ಬಿಲ್ಲಿನ ಆಯ್ಕೆಯಲ್ಲಿ ನಾನು ಎಡವಿದ್ದನ್ನೂ ಹೇಳಬೇಕು. ಕೈಯಲ್ಲಿ ನಾಲ್ಕು ಗ್ರೊಶೆನ್ ನಾಣ್ಯ ಕೂಡಿದ ಕೂಡಲೇ ಅಂಗಡಿಯಲ್ಲಿದ್ದ ಬಲವಾದ ಉದ್ದ ಬಿಲ್ಲನ್ನು ಕೊಂಡೆ. ಅದು ಬೇಡುವ ತೋಳ್ಬಲ ಹೆನ್ರಿಗೆ ಇನ್ನೂ ಇರಲಿಲ್ಲ. ಸಣ್ಣ ಬೇಟೆ ಬಿಲ್ಲಿನಲ್ಲಿ ಕಲಿತಿದ್ದ ಅಂದಾಜೆಲ್ಲ ಕೆಟ್ಟಿತು. ಬಿಲ್ಲು ಬದಲಾದರೆ ಬಾಣದ ವೇಗ ಬದಲಾಗುತ್ತದೆ, ವೇಗ ಬದಲಾದರೆ ಬಾಗುವ ದಾರಿ ಬದಲಾಗುತ್ತದೆ. ಕೊನೆಗೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಹಳೆಯ ಬಿಲ್ಲಿಗೇ ಮರಳಿದೆ. ಒಂದೇ ಬಿಲ್ಲಿನಲ್ಲಿ ಕೈ ಕೂರುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಮುಂಗೈಗೆ ಕಾಪು ತೊಡುವುದನ್ನೂ ಮರೆಯಬೇಡಿ. ಪಳಗದ ಹೆನ್ರಿ ಬರಿ ಮುಂಗೈಯಲ್ಲಿ ಬಾಣ ಬಿಟ್ಟರೆ ಹೆದೆ ಬಡಿದು ಅವನಿಗೆ ಪೆಟ್ಟಾಗುತ್ತದೆ. ಇಷ್ಟು ಸಣ್ಣ ವಿವರವನ್ನೂ ಬಿಡದೆ ಆಟದೊಳಗೆ ತಂದವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಯೇ. ಬಾಣಗಳಲ್ಲಿ ಬೇಟೆಗೆ ಬೇರೆ, ಕವಚ ತೂರಲು ಬೇರೆ, ಗಾಯ ಅಗಲಿಸಿ ರಕ್ತ ಹರಿಸಲು ಬೇರೆ ಎಂಬ ಭೇದವಿದೆ. ಕವಚದವರ ಎದುರು ಬೇಟೆ ಬಾಣ ವ್ಯರ್ಥ.

ಹಲಗೆಯ ಮುಂದೆ ನನ್ನ ಕೈ ಪಳಗಿತು, ಹೆನ್ರಿಯ ಅಂಕ ಹೆಚ್ಚಾಗಿ ಏರಿದ್ದು ಕಾಡಿನಲ್ಲಿ. ಸಾಝಾವಾ ನದಿಯ ಸುತ್ತಲಿನ ಆ ಕಾಡುಗಳು ಈ ಆಟದ ಅತಿ ಸುಂದರ ಭಾಗ. ಬೆಳಗಿನ ಮಂಜು, ಎಲೆಗಳ ನಡುವೆ ಇಳಿಯುವ ಬಿಸಿಲು, ಎಲ್ಲೋ ಒಣಕಡ್ಡಿ ಮುರಿದ ಸದ್ದು. ಏಪ್ರಿಲ್ ತಿಂಗಳ ಬಾಗಲಕೋಟೆಯ ಬಿಸಿಲಲ್ಲಿ ಕೂತು ಅದನ್ನು ನೋಡುವುದೇ ಒಂದು ತಂಪು. ಜಿಂಕೆ ದೂರದಿಂದಲೇ ಸಪ್ಪಳ ಗುರುತಿಸುತ್ತದೆ. ಕಬ್ಬಿಣದ ಕವಚ ತೊಟ್ಟು ಹೋದರೆ ಬಾಲವೂ ಕಾಣಿಸದು. ಬಟ್ಟೆಯುಡುಗೆಯಲ್ಲಿ ಕುಕ್ಕರಗಾಲಿನಲ್ಲಿ ಸಾಗಬೇಕು. ಮೊಲ ಇನ್ನೂ ಕಷ್ಟ: ಓಡುವ ಮೊಲಕ್ಕೆ ಹೊಡೆಯಬೇಕಾದರೆ ಅದು ಇರುವಲ್ಲಿಗಲ್ಲ, ಬಾಣ ತಲುಪುವ ಹೊತ್ತಿಗೆ ಅದು ಇರಲಿರುವಲ್ಲಿಗೆ ಬಿಡಬೇಕು. ಕ್ಯಾಪನ್‌ನೊಡನೆ ಬೇಟೆಗೆ ಹೋಗುವ ಘಟ್ಟದಲ್ಲಿ ಯಾರು ಹೆಚ್ಚು ಮೊಲ ಹೊಡೆಯುತ್ತಾರೆಂಬ ಪಂಥ ಬರುತ್ತದೆ. ಅಂಗಳದಲ್ಲಿ ಸೋತವನಿಗೆ ಅಲ್ಲಿ ಸೇಡು ತೀರಿಸಿಕೊಳ್ಳುವ ಅವಕಾಶವಿದೆ, ನಾನು ತೀರಿಸಿಕೊಂಡೆ. ಒಂದು ಎಚ್ಚರಿಕೆ: ಕಾಡು ಪ್ರಭುವಿನದು, ಅಪ್ಪಣೆಯಿಲ್ಲದೆ ಬೇಟೆಯಾಡುವುದು ಅಪರಾಧ. ಆ ಮಾಂಸವನ್ನು ಕದ್ದ ಮಾಲೆಂದೇ ಎಣಿಸುತ್ತಾರೆ. ಕಾವಲುಗಾರ ಚೀಲ ತಪಾಸಿಸಿದರೆ ದಂಡ ತೆರಬೇಕು, ಇಲ್ಲವೇ ಸೆರೆಮನೆ ಸೇರಬೇಕು.

ಕಾಳಗದಲ್ಲಿ ಮಾತ್ರ ಬಿಲ್ಲು ಅರ್ಧ ತೃಪ್ತಿ ಕೊಡುತ್ತದೆ. ಕಾಣದಂತೆ ದೂರದಲ್ಲಿ ನಿಂತು, ಶಿರಸ್ತ್ರಾಣವಿಲ್ಲದ ಡಕಾಯಿತನೊಬ್ಬನನ್ನು ಮೊದಲ ಬಾಣಕ್ಕೇ ಉರುಳಿಸಬಹುದು. ಎರಡನೆಯವನು ಅಷ್ಟರಲ್ಲಿ ನಿಮ್ಮ ಮುಂದೆ ನಿಂತಿರುತ್ತಾನೆ, ಬಿಲ್ಲು ಬಿಟ್ಟು ಕತ್ತಿ ಹಿರಿಯುವಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ. ನಿಜ ಕಾಳಗದಲ್ಲಿ ಒಂಟಿ ಬಿಲ್ಲುಗಾರನ ಗತಿ ಹಾಗೆಯೇ ಇದ್ದೀತು. ಬಿಲ್ಲುಗಾರರು ಸಾಲುಗಟ್ಟಿ, ಮುಂದೆ ಈಟಿಯವರನ್ನು ನಿಲ್ಲಿಸಿಕೊಂಡು ಹೋರಾಡಿದ್ದು ಅದಕ್ಕಾಗಿಯೇ. ನನ್ನ ತಕರಾರು ಬೇರೆಯದು. ಆರಂಭದ ಗಂಟೆಗಳಲ್ಲಿ ಹೆನ್ರಿಯ ಕೈ ಗಡಗಡ ನಡುಗುತ್ತಿರುವಾಗ, ಪೊದೆಯ ಹಿಂದಿನ ಮಾಮೂಲಿ ಡಕಾಯಿತನ ಬಾಣ ಮಾತ್ರ ಬಂದು ಎದೆಗೆ ನಾಟುತ್ತದೆ. ಕಲಿಕೆಯ ಕಷ್ಟ ಇಬ್ಬರಿಗೂ ಒಂದೇ ಇದ್ದಿದ್ದರೆ ನ್ಯಾಯವಾಗಿರುತ್ತಿತ್ತು. ಕುದುರೆಯ ಮೇಲಿಂದ ಬಾಣ ಬಿಡಬಹುದು. ಆದರೆ ಕುದುರೆಯ ಕುಲುಕಾಟವೂ ಕೈಯ ನಡುಕವೂ ಕೂಡಿದಾಗ ಗುರಿ ಅದೃಷ್ಟಕ್ಕೆ ಬಿಟ್ಟದ್ದು. ಮೂರು ತಿಂಗಳಾದರೂ ನನಗೆ ಅದು ಒಲಿದಿಲ್ಲ.

ಆಡಿದ್ದನ್ನು ಉಳಿಸುವ, ಅಂದರೆ ‘ಸೇವ್’ ಮಾಡುವ, ವ್ಯವಸ್ಥೆಯ ಬಗ್ಗೆ ನನಗೆ ನಿಜವಾದ ಬೇಸರವಿದೆ. ಆಟವನ್ನು ಬೇಕೆಂದಾಗ ಉಳಿಸಲು ‘ಸೇವಿಯರ್ ಷ್ನಾಪ್ಸ್’ ಎಂಬ ಪೇಯ ಬೇಕು. ಅದಕ್ಕೆ ದುಡ್ಡು ಬೇಕು, ಇಲ್ಲವೇ ಗಿಡಮೂಲಿಕೆ ಕುದಿಸಿ ತಯಾರಿಸಬೇಕು. ಇಲ್ಲವಾದರೆ ಹಾಸಿಗೆ ಹುಡುಕಿ ಮಲಗಬೇಕು. ತಪ್ಪಿದ ಬಾಣವನ್ನೆಲ್ಲ ಅಳಿಸಿ ಮತ್ತೆ ಆಡುವ ಚಟಕ್ಕೆ ಇದು ಕಡಿವಾಣ ಹಾಕುತ್ತದೆ, ಬಿಲ್ಲುಗಾರಿಕೆ ಕಲಿಯುವವನಿಗೆ ಅದು ಒಳ್ಳೆಯದೇ. ಪ್ರತಿ ಬಾಣಕ್ಕೂ ಬೆಲೆ ಬರುತ್ತದೆ. ಆದರೆ ಬೇಸಿಗೆಯ ಸಂಜೆ ಹೇಳದೆ ಕೇಳದೆ ವಿದ್ಯುತ್ ಹೋಗುವ ಊರಿನವರಿಗೆ ಅದು ಬೇರೆಯೇ ಲೆಕ್ಕ. ಒಂದೂವರೆ ಗಂಟೆ ಜಿಂಕೆಯ ಹಿಂದೆ ಅಲೆದು, ದೊಡ್ಡ ಕೊಂಬಿನ ಗಂಡು ಜಿಂಕೆಯೊಂದನ್ನು ಒಂದೇ ಬಾಣಕ್ಕೆ ಕೆಡವಿದ ಗಳಿಗೆಯಲ್ಲೇ ಮನೆ ಕತ್ತಲಾಯಿತು. ಆ ಬೇಟೆ ಎಲ್ಲಿಯೂ ಉಳಿಯಲಿಲ್ಲ. ಆಟದಿಂದ ಹೊರಹೋಗುವಾಗ ತಾನಾಗಿ ಉಳಿಸುವ ಅನುಕೂಲವನ್ನು ಆಮೇಲಿನ ಪರಿಷ್ಕರಣೆಯೊಂದರಲ್ಲಿ ಕೊಟ್ಟಿದ್ದಾರೆ. ವಿದ್ಯುತ್ ಹೋದರೆ ಅದೂ ನೆರವಿಗೆ ಬಾರದು. ಯುಪಿಎಸ್ ಇಲ್ಲದವರು ಷ್ನಾಪ್ಸ್ ಶೀಶೆಗಳನ್ನು ಚೀಲದಲ್ಲಿ ಧಾರಾಳವಾಗಿ ಇಟ್ಟುಕೊಳ್ಳಲಿ.

ಯಂತ್ರದ ಮಾತಿಗೆ ಬಂದರೆ, 8 ಜಿಬಿ ರ‍್ಯಾಮ್ ಕನಿಷ್ಠ ಅಗತ್ಯ, 16 ಜಿಬಿ ಇದ್ದರೆ ಒಳ್ಳೆಯದು. ಬಿಲ್ಲಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಚಿತ್ರ ತಡವರಿಸಿದರೆ ಬಾಣ ಬಿಡುವ ಆ ಸಣ್ಣ ನಿಲುಗಡೆಯನ್ನು ಹಿಡಿಯಲಾಗುವುದಿಲ್ಲ. ನಾನು ದೃಶ್ಯದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಓಟ ಸರಾಗವಾಗುವಂತೆ ಮಾಡಿಕೊಂಡ ದಿನದಿಂದಲೇ ಗುರಿಯೂ ಸುಧಾರಿಸಿತು. ಭಾಷೆ ಕನ್ನಡವಲ್ಲ, ಮಾತುಗಳನ್ನು ಇಂಗ್ಲಿಷಿನಲ್ಲಿ ಕೇಳಿ, ಓದಿ ತಿಳಿಯಬೇಕು, ಮತ್ತು ಮಾತು ಬಹಳ ಇದೆ. ಎರಡನೆಯ ಭಾಗ 2025ರ ಫೆಬ್ರುವರಿ 4ರಂದು ಬಂದಿದೆ. ಅದರಲ್ಲಿ ಅಡ್ಡಬಿಲ್ಲು ಮತ್ತು ಕೈಕೋವಿ ಸೇರಿವೆ, ಬಿಲ್ಲಿಗೆ ಅಲ್ಲಿಯೂ ಚುಕ್ಕೆಯಿಲ್ಲ. ಬಿಲ್ಲಿನ ಆಸೆಯಿಂದ ಬರುವವರಿಗೆ ಮೊದಲ ಭಾಗದಿಂದಲೇ ಶುರುಮಾಡಿ ಎನ್ನುತ್ತೇನೆ. ರಿಯಾಯಿತಿಯ ದಿನಗಳಲ್ಲಿ ಅದು ಬಹಳ ಕಡಿಮೆಗೆ ಸಿಗುತ್ತದೆ.

ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟ ಹಿಡಿಸದಿದ್ದರೆ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಪಡೆಯಬಹುದು. ಆದರೆ ಈ ಆಟದ ಆರಂಭದ ಕಥೆ ನಿಧಾನವಾಗಿ ಸಾಗುತ್ತದೆ. ಸಾಮಾನ್ಯ ವೇಗದಲ್ಲಿ ಆಡಿದವರಿಗೆ ರಟ್ಟಾಯ್ ಅಂಗಳದಲ್ಲಿ ಬಿಲ್ಲು ಕೈಗೆ ಬರುವ ಹೊತ್ತಿಗೆ ಆ ಎರಡು ಗಂಟೆ ಕಳೆದೇ ಹೋಗಿರುತ್ತದೆ. ಹಾಗಾಗಿ ಬಿಲ್ಲು ಹಿಡಿಸುತ್ತದೆಯೋ ಇಲ್ಲವೋ ಎಂದು ಕೊಂಡು ಪರೀಕ್ಷಿಸುವ ದಾರಿ ಇಲ್ಲ. ಈಗಾಗಲೇ ಆಡುತ್ತಿರುವ ಯಾರದಾದರೂ ಮನೆಯಲ್ಲಿ ಕೂತು ಹತ್ತು ಬಾಣ ಬಿಟ್ಟು ನೋಡಬೇಕು. ಅಕ್ಕನ ಮಗ ರಜೆ ಮುಗಿಸಿ ಊರಿಗೆ ಹೋಗುವ ಮುನ್ನ ತನ್ನ ಇಬ್ಬರು ಗೆಳೆಯರನ್ನು ಹಾಗೆಯೇ ಕರೆತಂದಿದ್ದ. ಮೊದಲನೆಯವನು ನಾಲ್ಕು ಬಾಣ ತಪ್ಪಿದ ಮೇಲೆ ಎದ್ದುಬಿಟ್ಟ. ಇನ್ನೊಬ್ಬನು ಹನ್ನೆರಡನೆಯ ಬಾಣ ಹಲಗೆಯ ಅಂಚಿಗೆ ನಾಟಿದಾಗ ಕುರ್ಚಿಯಿಂದ ನೆಗೆದು ಕೂಗಿದ. ಅವನು ಮರುದಿನವೂ ಬಂದ.